ಸೆರಗಿನ ಗಂಟು

ಹುಬ್ಬಳ್ಳಿಯ ಡಾಕ್ಟರಮ್ಮ ಮೊದಲು ಪ್ರಶ್ನೆ ಕೇಳಿದ್ದು ಹತ್ತು ವರ್ಷದ ಅಮೃತಾಳ ಬಗ್ಗೆ. ಉತ್ತರ ಕೊಡುತ್ತ ಕೊಡುತ್ತ ಅವಳ ತಾಯಿ ನಂದಾ ತನ್ನ ಕತೆಯನ್ನೇ ಹೇಳತೊಡಗಿದ್ದಳು. ಒಲೆಯ ಮೇಲಿಟ್ಟಿದ್ದು ಸೀದು ಹೋಗುವುದು, ಹೇಳಿದ ಮಾತು ಅರ್ಧಕ್ಕೇ ಕಿವಿಯಿಂದ ಜಾರುವುದು, ಹಾಲ್ ಟಿಕೆಟ್ ಮನೆಯಲ್ಲಿ ಮರೆತು ಎಸ್ಸೆಸ್ಸೆಲ್ಸಿ ಅಲ್ಲಿಗೇ ನಿಂತದ್ದು. ಮೂರು ಸಲ ಹೋಗಿ ಬಂದ ಮೇಲೆ, ಇವತ್ತು ಡಾಕ್ಟರಮ್ಮ ಹೇಳಿಬಿಟ್ಟರು.

“ಮಗಳಿಗಷ್ಟ ಅಲ್ರಿ, ನಿಮಗೂ ಎಡಿಎಚ್‌ಡಿ ಐತಿ. ಲಕ್ಷ್ಯ ಒಂದ ಕಡೆ ನಿಲ್ಲಂಗಿಲ್ಲ. ಹುಟ್ಟಾ ಬಂದದ್ದು, ನಿಮ್ಮ ತಪ್ಪಲ್ಲ. ನಿಮ್ಮ ತಾಯಿ ಕಡೆ ಯಾರಿಗರೆ ಹಿಂಗ ಐತೇನ್ರಿ?”

“ಇಲ್ರಿ,” ಎಂದಿದ್ದಳು ನಂದಾ. ಅವ್ವ ಸುಶೀಲವ್ವ ಒಂದು ದಿನವೂ ಏನನ್ನೂ ಮರೆತವಳಲ್ಲ.

ಬಸ್ಸು ಕಲಘಟಗಿ ದಾಟುವವರೆಗೆ ಅವಳಿಗೆ ಹಗುರಾಗಿತ್ತು. ತನ್ನೂರು ಬಮ್ಮಿಗಟ್ಟಿ ಹತ್ತಿರವಾದಂತೆ ಸಿಟ್ಟು ನೆತ್ತಿಗೇರಿತು. ತಪ್ಪಲ್ಲ ಅಂದರೆ, ಇಷ್ಟು ವರ್ಷದ ಏಟು ಯಾತಕ್ಕೆ?

ಹತ್ತು ವರ್ಷದವಳಿದ್ದಾಗ ಕೆರೆಯಲ್ಲಿ ಮೀಯುವಾಗ ಕೊರಳಿನ ಲಿಂಗದ ಕರಡಿಗೆ ತೆಗೆದು ದಂಡೆಯ ಮೇಲಿಟ್ಟು ಹಾಗೇ ಬಂದಿದ್ದಳು. ಅದು ಸಿಗಲೇ ಇಲ್ಲ. ಮೈಮೇಲೆ ಲಿಂಗವಿಲ್ಲದೆ ಉಣ್ಣುವಂತಿಲ್ಲ. ಅಯ್ಯನವರು ಬಂದು ಹೊಸದು ಕಟ್ಟುವ ತನಕ ಎರಡು ದಿನ ಉಪವಾಸ. ಮೂರನೆಯ ದಿನ ಅವ್ವ ಸೌಟು ಕಾಸಿ ಮುಂಗೈಗೆ ಇಟ್ಟಳು. ‘ಧ್ಯಾಸಗೇಡಿ’ ಎಂದು ಹೆಸರೂ ಇಟ್ಟಳು. ಧ್ಯಾಸ ಕೆಟ್ಟವಳು, ಯಾವುದರ ಮೇಲೂ ಲಕ್ಷ್ಯವಿಲ್ಲದವಳು. ಓಣಿಗೆ ಓಣಿಯೇ ಅದನ್ನು ಎತ್ತಿಕೊಂಡಿತು. ಮದುವೆಯಾಗಿ ಅದೇ ಊರಿನಲ್ಲಿ ಉಳಿದದ್ದಕ್ಕೆ ಹೆಸರೂ ಅವಳ ಜೊತೆಗೇ ಉಳಿಯಿತು.

ಅಮೃತಾಳನ್ನು ಇವತ್ತು ಅವ್ವನ ಮನೆಯಲ್ಲಿ ಬಿಟ್ಟು ಹೋಗಿದ್ದಳು. ಓಣಿಗೆ ಕಾಲಿಡುವಾಗಲೇ ಅವ್ವನ ದನಿ ಕೇಳಿಸಿತು.

“ಲಿಂಗಾ ಎಲ್ಲಿಟ್ಟೀ ಬೇ, ಧ್ಯಾಸಗೇಡಿ! ಅಗದಿ ನಿಮ್ಮವ್ವನಂಗ!”

ನಂದಾ ಚಪ್ಪಲಿ ಸಮೇತ ಒಳಗೆ ನುಗ್ಗಿದಳು. ಸೌಟು ಒಲೆಯೊಳಗೆ ಕಾಯುತ್ತಿತ್ತು. ಮಗಳು ಗೋಡೆಗೆ ಅಂಟಿ ನಿಂತಿದ್ದಳು. ಅವ್ವ ಸೌಟಿಗೆ ಕೈ ಹಾಕುವುದರೊಳಗೆ ನಂದಾ ಅವಳ ಸೆರಗು ಹಿಡಿದು ಜಗ್ಗಿದಳು. ಕೈಗೆ ಗಂಟು ಸಿಕ್ಕವು. ಒಂದಲ್ಲ, ನಾಲ್ಕು. ಚಿಕ್ಕಂದಿನಿಂದ ನೋಡಿದ ಗಂಟುಗಳೇ. ಎಲೆ ಅಡಿಕೆ ಕಟ್ಟಿಕೊಂಡಿರಬೇಕು ಅಂದುಕೊಂಡಿದ್ದಳು. ಹಿಚುಕಿ ನೋಡಿದರೆ ಒಳಗೆ ಏನೂ ಇರಲಿಲ್ಲ.

“ಇವು ಯಾಕ ಬೇ ಯವ್ವಾ?”

ಸುಶೀಲವ್ವ ಸೆರಗು ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. “ಒಂದು ಹಾಲಿನಾಂವಗ ಹೇಳೂದು. ಒಂದು ಗುಳಿಗಿ. ಒಂದು ಹಿಟ್ಟಿನ ಗಿರಣಿ. ಇದು…” ನಾಲ್ಕನೆಯದನ್ನು ಬೆರಳಲ್ಲಿ ತಿರುವಿದಳು. “ಇದು ಮರತೀನಿ.”

“ಯಾವಾಗಿಂದ ಹಾಕ್ತಿ?”

ಸುಶೀಲವ್ವ ಬಳೆ ಮೇಲೆ ಸರಿಸಿದಳು. ಮುಂಗೈಯಲ್ಲಿ ಹಳೆಯ ಬರೆ. “ನಮ್ಮವ್ವ ಇದನ್ನ ಇಟ್ಟಾಗಿಂದ.”

ನಂದಾ ಸೆರಗು ಬಿಟ್ಟುಬಿಟ್ಟಳು. “ಅಂದ್ರ ನಿನಗ ಗೊತ್ತಿತ್ತು! ನನಗ ಗಂಟ ಹಾಕೂದು ಕಲಿಸ್ಲಿಲ್ಲ, ಸೌಟ ಕಾಸಿದಿ!”

“ಕಲಿಸಿದ್ರ ನನ್ನಿಂದ ಬಂದೈತಿ ಅಂತಿದ್ರು,” ಸುಶೀಲವ್ವ ನೆಲ ನೋಡುತ್ತ ಹೇಳಿದಳು. “ಮನ್ಯಾಗ ಒಬ್ಬಾಕಿ ಧ್ಯಾಸಗೇಡಿ ಅನಿಸ್ಕೊಂಡ್ರ, ಇನ್ನೊಬ್ಬಾಕಿ ಕಡೆ ಯಾರೂ ನೋಡಂಗಿಲ್ಲ.”

ಮೂವತ್ತಾರು ವರ್ಷದ ಹೆಂಗಸಿಗೆ ಹೆತ್ತ ತಾಯಿಯನ್ನು ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಸೌಟು ಎಳೆದು ಅಂಗಳಕ್ಕೆ ಎಸೆದಳು.

“ಬಚ್ಚಲದಾಗ ಸಾಬಾಣದ ಬಾಜು ನೋಡು ಹೋಗು,” ಎಂದಳು ಮಗಳಿಗೆ. ತಾನಾಗಿದ್ದರೆ ಅಲ್ಲೇ ಇಡುತ್ತಿದ್ದಳು. ಕರಡಿಗೆ ಅಲ್ಲೇ ಇತ್ತು. ಅಮೃತಾ ತಂದು ಕೊಟ್ಟಾಗ ಅದರ ದಾರವನ್ನು ಅವಳ ಕೊರಳಿಗೆ ಹಾಕಿದಳು.

ಆಮೇಲೆ ಅವ್ವನ ಕಡೆ ತಿರುಗಿದಳು. “ಇನ್ನ ಮ್ಯಾಲೆ ಈ ಹುಡುಗಿಗೆ ಆ ಹೆಸರು ಹಿಡದು ಕರದಿ ಅಂದ್ರ, ನಡು ಓಣ್ಯಾಗ ನಿಂತು ನಿನ್ನ ಗಂಟ ಎಣಸ್ತೀನಿ. ಎಲ್ಲಾರಿಗೂ ಕೇಳೂಹಂಗ.”

ಸುಶೀಲವ್ವ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕುಸಿದು ಕೂತಳು. ನಂದಾಳಿಗೆ ಕನಿಕರ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ. ಮಗಳ ಕೈ ಹಿಡಿದು ಹೊರಗೆ ನಡೆದಳು.