ಪೊಟ್ಟಣದ ಸುದ್ದಿ

“ತಿರುಗಿಸಿ ನೋಡೋ! ಹಾಳೆ ತಿರುಗಿಸು ಅಂದ್ರೆ ನನ್ನ ಮುಖ ನೋಡ್ತೀಯಲ್ಲ, ನನ್ನ ಮುಖದ ಮೇಲೆ ಅಚ್ಚು ಹಾಕಿದ್ದಾರಾ?”

“ಹಡಗಿನ ಸುದ್ದಿ ಈ ಕಡೇನೇ ಇರೋದು ಭಾವ.”

“ಆ ಕಡೆ ನೋಡು ಅಂದೆ!”

ನನ್ನ ಭಾಮೈದ ಹಾಳೆ ತಿರುಗಿಸಿದ. ಹಿಂಬದಿಯಲ್ಲಿ ನಮ್ಮ ಮಾರ್ಕೆಟ್ಟಿನದೇ ಫೋಟೋ. ಅವನ ಮುಖ ಅರಳಿತು. “ಅರೆ, ನಮ್ಮ ಮಾರ್ಕೆಟ್ಟು! ನಮ್ಮ ಅಂಗಡಿ ಕಾಣುತ್ತಾ?”

“ಚಾವಣಿ ನೋಡು. ಯಾವುದರದ್ದು?”

“ತಗಡಿಂದು.”

“ಈಗ ತಲೆ ಎತ್ತು.”

ಎತ್ತಿದ. ಮೇಲೆ ಹಸಿರು ಪ್ಲಾಸ್ಟಿಕ್ ಶೀಟು. ಆ ತಗಡುಗಳು ಬಿರುಗಾಳಿಗೆ ಹಾರಿ, ಒಂದು ಬಂದು ಪಕ್ಕದ ಮೊಟ್ಟೆಯವನ ಅಂಗಡಿಯ ಮೇಲೆ ಬಿದ್ದು, ಅವನ ಸರಕೆಲ್ಲ ಆಮ್ಲೆಟ್ ಆಗಿ ವರ್ಷಗಳೇ ಕಳೆದಿವೆ. ಅಂದರೆ ಈ ಮಹಾರಾಯ ತಾಜಾ ಎಂದು ಓದಿ ಹೇಳಿದ್ದ ಹಡಗಿನ ಸುದ್ದಿ ಅದಕ್ಕಿಂತಲೂ ಹಳೆಯದು.

ನಮ್ಮದು ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ ಅಂಗಡಿ. ಪೊಟ್ಟಣ ಕಟ್ಟಲು ಗುಜರಿಯವನಿಂದ ಹಳೆ ಪೇಪರ್ ತರುತ್ತೇವೆ. ಪೇಪರಿನ ಹಣೆಯ ಮೇಲಿರುವ ಕೆಂಪು ಬಣ್ಣ ಒದ್ದೆ ಶುಂಠಿಗೆ ಹತ್ತಿಕೊಳ್ಳುತ್ತದೆ, ಗಿರಾಕಿಗಳು ಕೂಗಾಡುತ್ತಾರೆ. ಅದಕ್ಕೆ ಭಾಮೈದ ಕಬ್ಬಿಣದ ಪಟ್ಟಿ ಇಟ್ಟು ಮೇಲಿನ ಭಾಗವನ್ನು ಹರಿದು ಎಸೆಯುತ್ತಾನೆ. ತಾರೀಖೂ ಅದರ ಜೊತೆಗೇ ಹೋಗುತ್ತದೆ. ಉಳಿದದ್ದನ್ನು ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಗಟ್ಟಿಯಾಗಿ ಓದುತ್ತಾನೆ. ಇಡೀ ಸಾಲು ಅವನನ್ನು ರೇಡಿಯೋ ಎಂದೇ ಕರೆಯುವುದು. ನಿಜವಾದ ರೇಡಿಯೋ ಆದರೂ ಕಿವಿ ಹಿಂಡಿದರೆ ಬಾಯಿ ಮುಚ್ಚುತ್ತದೆ.

ಅವನ ಲೋಕದಲ್ಲಿ ಬೆಳಿಗ್ಗೆ ಸತ್ತ ರಾಜ ಸಂಜೆಗೆ ಮದುವೆಯಾಗುತ್ತಾನೆ. ಯಾವುದೋ ಊರಿನಲ್ಲಿ ಆಡು ಚುನಾವಣೆ ಗೆದ್ದಿತು ಎಂದು ಓದಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಎಲ್ಲ ಕಡೆಯೂ ಮೇಯುವವರೇ ಗೆಲ್ಲುವುದು. ದೊಡ್ಡ ದೇಶಗಳ ದೊರೆಗಳಿಬ್ಬರು ಒಂದು ಹಾಳೆಯಲ್ಲಿ ಹಲ್ಲು ಕಿರಿದು ಕೈ ಕುಲುಕುತ್ತಾರೆ, ಇನ್ನೊಂದರಲ್ಲಿ ಅದೇ ಕೈಯನ್ನು ಮುಷ್ಟಿ ಮಾಡಿ ತೋರಿಸುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದು ಆಗಬೇಕಾದ್ದೇನು? ನಾನು ಎರಡರಲ್ಲೂ ಮೆಣಸಿನಕಾಯಿ ಕಟ್ಟಿ ಕೊಟ್ಟಿದ್ದೇನೆ.

ಆದರೆ ಹಡಗಿನ ಸುದ್ದಿ ಹಾಗಲ್ಲ, ಅದು ನೇರವಾಗಿ ನಮ್ಮ ತಕ್ಕಡಿಗೆ ಬಂದು ಕೂತಿತು. ಎಲ್ಲೋ ದೂರದ ಬಂದರಿನ ಬಾಯಲ್ಲಿ ಒಂದು ಹಡಗು ಮರಳದಿಬ್ಬ ಹತ್ತಿ ಕೂತಿದೆಯಂತೆ. ಹಿಂದಿನ ಹಡಗುಗಳೆಲ್ಲ ಸಾಲುಗಟ್ಟಿ ನಿಂತಿವೆಯಂತೆ. “ಅದರಲ್ಲಿ ಬೆಳ್ಳುಳ್ಳಿನೂ ಇದೆಯಂತೆ ಭಾವ. ಬೆಲೆ ಆಕಾಶಕ್ಕೆ ಹೋಗುತ್ತೆ ನೋಡ್ತಿರು” ಎಂದ ರೇಡಿಯೋ. ನಾನು ಇದ್ದಬದ್ದ ಮೂಟೆಗಳನ್ನೆಲ್ಲ ಹಿಂದಿನ ಕೋಣೆಗೆ ತಳ್ಳಿ ಗೋಣಿ ಪರದೆ ಎಳೆದೆ.

ನಮ್ಮ ಅಂಗಡಿ ನಿಂತಿರುವುದೇ ಆಸ್ಪತ್ರೆ ಕ್ಯಾಂಟೀನಿನ ಅಡುಗೆಯವಳ ಮೇಲೆ. ಬೇರೆಯವರು ಚಿಟಿಕೆ ಲೆಕ್ಕದಲ್ಲಿ ಕೊಂಡರೆ ಅವಳು ಚೀಲ ತುಂಬಿಸುವವಳು. ಅವಳ ಅತ್ತೆ ಅಡುಗೆ ಮಾಡುತ್ತಿದ್ದ ಕಾಲದಿಂದಲೂ ನಮ್ಮಲ್ಲೇ ವ್ಯಾಪಾರ. ಅವಳಿಗೂ ಇಲ್ಲ ಎಂದೆ.

“ಹಡಗು ನಿಂತುಬಿಟ್ಟಿದೆಯಮ್ಮ. ಮಾಲೇ ಇಲ್ಲ.”

“ಎದುರು ಸಾಲಿನಲ್ಲಿ ಇದೆಯಲ್ಲಣ್ಣ?”

“ಅದು ಹಳೇ ಮಾಲು, ಒಳಗೆಲ್ಲ ಟೊಳ್ಳು. ರೋಗಿಗಳಿಗೆ ಅದನ್ನ ತಿನ್ನಿಸ್ತೀಯಾ?”

ನಂಬಿದಳು. ದಿನಾ ಬಂದು “ಹಡಗು ಅಲ್ಲಾಡ್ತಾ ಅಣ್ಣ?” ಎಂದು ಕೇಳುವಳು. ಬರೀ ಈರುಳ್ಳಿ ಹಾಕಿ ಹೇಗೋ ಅಡುಗೆ ಸಾಗಿಸುತ್ತಿದ್ದಳು. ಒಂದು ದಿನ, “ಪಾಪ, ಆ ಹಡಗಿನವರು ಊಟಕ್ಕೆ ಏನು ಮಾಡ್ಕೊಳ್ತಾರೋ” ಎಂದು ನಿಟ್ಟುಸಿರು ಬಿಟ್ಟಳು. ರೇಡಿಯೋ ತಲೆದೂಗಿದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಬೆಲೆ ಇದ್ದಲ್ಲೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ ಶುಂಠಿ ಕಟ್ಟಲು ಆ ಹಡಗಿನ ಹಾಳೆಯನ್ನೇ ತೆಗೆದುಕೊಂಡರೆ ಹಿಂಬದಿಯ ತಗಡಿನ ಚಾವಣಿ ಕಣ್ಣಿಗೆ ಬಿತ್ತು. ಭಾಮೈದನ ಕೈಗೆ ಹಾಳೆ ತುರುಕಿ ತಿರುಗಿಸಿ ನೋಡು ಎಂದು ಕೂಗಾಡಿದ್ದು ಆಗಲೇ. ಆಮೇಲೆ ಪರದೆ ಸರಿಸಿ ಮೂಟೆಗಳನ್ನು ಹೊರಗೆಳೆದು ಬಿಚ್ಚಿದೆ. ಒಳಗಿನ ಸೆಕೆಗೆ ಬೆಳ್ಳುಳ್ಳಿಯೆಲ್ಲ ಹಸಿರು ಬಾಲ ಬಿಟ್ಟುಕೊಂಡು ಕೂತಿತ್ತು.

“ನೋಡು, ಬೆಳ್ಳುಳ್ಳಿಗೂ ಮೊಳಕೆ ಬಂತು! ನಿನ್ನ ತಲೇಲಿ ಯಾವಾಗ ಕಣೋ ಏನಾದರೂ ಹುಟ್ಟೋದು?”

“ನಾನು ಓದಿದೆ ಅಷ್ಟೇ ಭಾವ. ಬಚ್ಚಿಟ್ಟಿದ್ದು ನೀನು.”

“ಎದುರು ಮಾತಾಡ್ತೀಯಾ?”

“ಇಬ್ಬರೂ ಸ್ವಲ್ಪ ಮೆಲ್ಲಗೆ ಕಿರುಚಿ. ನನ್ನ ಮೊಟ್ಟೆ ಒಡೆದುಹೋಗ್ತವೆ” ಎಂದ ಪಕ್ಕದವನು.

ಅಷ್ಟರಲ್ಲಿ ಅಡುಗೆಯವಳು ಬಂದೇಬಿಟ್ಟಳು, ಬಗಲಲ್ಲಿ ಅದೇ ದೊಡ್ಡ ಬಟ್ಟೆಯ ಚೀಲ.

“ಹಡಗು ಬಂತಾ ಅಣ್ಣ?”

ನಾನು ಗೋಣಿ ಎಳೆದು ಮೂಟೆ ಮುಚ್ಚಲು ಹೋದೆ. ಕಟ್ಟಬೇಕಾದ ಬಾಯಿ ಅದಕ್ಕೂ ಮೊದಲೇ ತೆರೆಯಿತು. “ಬಂತಕ್ಕ. ಯಾವ ಕಾಲದಲ್ಲೋ ಬಂದಿರಬೇಕು” ಎಂದ ರೇಡಿಯೋ.

ಅವಳು ಮೂಟೆಗಳನ್ನು ನೋಡಿದಳು, ಸರಿದಿದ್ದ ಪರದೆಯನ್ನು ನೋಡಿದಳು. ಬಗ್ಗಿ ಒಂದು ಗಡ್ಡೆ ಎತ್ತಿಕೊಂಡು ಅದರ ಹಸಿರು ಬಾಲವನ್ನು ಬೆರಳಿನಿಂದ ಸವರಿದಳು.

“ಇದು ಇಲ್ಲೇ ಇತ್ತಲ್ಲಣ್ಣ.”

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು ಎಂದು ಮನೆಯಲ್ಲಿ ಹೆಂಡತಿ ಆಮೇಲೆ ಹೇಳಿದಳು. ಅವಳ ತಮ್ಮನಿಂದ ಆದ ಅನಾಹುತಕ್ಕೆ ತಪ್ಪಾಯಿತು ಅನ್ನಬೇಕಾದವನು ನಾನಂತೆ! ನಾನು ಅಂದದ್ದು ಬೇರೆ. “ವ್ಯಾಪಾರ ಅಂದ್ರೆ ಹೀಗೇ ಕಣಮ್ಮ. ಬೇಕಾದ್ರೆ ಅರ್ಧ ರೇಟಿಗೆ ತಗೊಂಡು ಹೋಗು. ಬೇಯಿಸಿದ ಮೇಲೆ ಮೊಳಕೆ ಯಾರಿಗೆ ಕಾಣುತ್ತೆ?”

“ಅಡುಗೆ ಸಪ್ಪೆ ಅಂತ ಮ್ಯಾನೇಜರು ಎಲ್ಲರೆದುರು ಬೈದ್ರು. ನಮ್ಮ ಅಂಗಡಿ ಅಣ್ಣ ಸುಳ್ಳು ಹೇಳೋರಲ್ಲ, ನಿಜವಾಗಲೂ ಮಾಲು ಬಂದಿಲ್ಲ ಅಂತ ನಾನು ಜಗಳ ಆಡಿದೆ.”

“ಸುಳ್ಳು ನಾನೊಬ್ಬನೇ ಹೇಳ್ತೀನಾ? ಪೇಪರಿನವರು ಹೇಳಲ್ವಾ?”

“ಪೇಪರಲ್ಲಿ ಸುಳ್ಳೇನೂ ಇರಲಿಲ್ಲ ಭಾವ” ಎಂದ ರೇಡಿಯೋ.

ಅವಳಿಗೆ ನಗು ಬರಲಿಲ್ಲ. “ಇಲ್ಲದ ಹಡಗಿಗೆ ಎಷ್ಟು ಮರುಗಿದೆನಲ್ಲ ನಾನು” ಎಂದಳು, ತನಗೇ ಹೇಳಿಕೊಂಡಂತೆ. ಗಡ್ಡೆಯನ್ನು ತಕ್ಕಡಿಯ ತಟ್ಟೆಯಲ್ಲಿ ಮೆಲ್ಲಗೆ ಇಟ್ಟಳು. ಚೀಲ ಕೊಡವಿ ಮತ್ತೆ ಬಗಲಿಗೆ ಸಿಕ್ಕಿಸಿಕೊಂಡು ನಡೆದಳು.

“ಹೋಗಲಿ ಬಿಡು, ನಾಳೆ ತಾನಾಗೇ ಬರ್ತಾಳೆ” ಎಂದೆ.

ಎದುರು ಸಾಲಿನಲ್ಲಿ ನಿಂತು ಅವಳು ಒಂದು ಗಡ್ಡೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದಳು. ಗಟ್ಟಿಯಾಗಿದ್ದಿರಬೇಕು. ಚೀಲದ ಬಾಯಿ ಬಿಡಿಸಿ ಹಿಡಿದಳು. ಆ ದಿನದಿಂದ ನಮ್ಮ ಸಾಲಿನ ಕಡೆ ಅವಳು ಕಾಲು ಹಾಕಿಲ್ಲ.