ಎಡಕ್ಕೆ ತಿರುಗಿಸಿದಾಗ

ಮಾವ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಾಗ ನಾನು ಏಳಲಿಲ್ಲ. ಸ್ಕೂಟರೊಂದರ ಬ್ರೇಕ್ ಬಿಚ್ಚುತ್ತಾ ಕೂತೇ ಇದ್ದೆ. ಎರಡು ವರ್ಷದ ಹಿಂದೆ ಇದೇ ಮಾವ, ನನ್ನ ಅಮ್ಮನ ತಮ್ಮ, ತನ್ನ ಶೆಡ್ಡಿನ ಮೂವರು ಮೆಕ್ಯಾನಿಕ್‌ಗಳ ಎದುರು ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಅಣ್ಣನ ಕಾಲು ಮುರಿದವಳು ನೀನೇ ಎಂದಿದ್ದರು.

ಅಣ್ಣ ಆಗ ಮಣ್ಣಿನ ಟ್ರ್ಯಾಕಿನಲ್ಲಿ ಡರ್ಟ್ ಬೈಕ್ ಓಡಿಸುತ್ತಿದ್ದ. ಬೈಕು ಮಾವನದು. ರೇಸಿಗೆ ಒಂದು ವಾರ ಮುಂಚೆ ಅದರ ಥ್ರಾಟಲ್ ಸೆನ್ಸರ್ ಬದಲಿಸಿದ್ದು ನಾನು. ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ಬೈಕಿನ ಕಂಪ್ಯೂಟರಿಗೆ ಹೇಳುವುದು ಆ ಸೆನ್ಸರ್. ಅದು ಸುಳ್ಳು ಹೇಳಿದರೆ ಎಂಜಿನ್ನಿಗೆ ಪೆಟ್ರೋಲು ತಪ್ಪು ಅಳತೆಯಲ್ಲಿ ಹೋಗುತ್ತದೆ. ರೇಸಿನ ದಿನ, ಎಡ ತಿರುವಿನ ದಿಬ್ಬ ಹತ್ತುವಾಗ, ಎಂಜಿನ್ ಉಸಿರು ಕಟ್ಟಿದ ಹಾಗೆ ನಿಂತುಹೋಯಿತು. ಬೈಕು ಅಣ್ಣನ ಮಂಡಿಯ ಮೇಲೆ ಬಿತ್ತು. ಶೆಡ್ಡಿಗೆ ತಂದು ಮೀಟರ್ ಇಟ್ಟು ನೋಡಿದರೆ ಸೆನ್ಸರಿನ ವೋಲ್ಟೇಜ್ ಸರಿಯಾಗಿಯೇ ಇತ್ತು. ಅದೇ ನನಗೆ ಮುಳುವಾಯಿತು. ಬಿದ್ದ ಮೇಲೆ ಯಾರೂ ಇಲ್ಲದಾಗ, ನಾನೇ ತಪ್ಪಾಗಿ ಕೂರಿಸಿದ್ದ ಸೆನ್ಸರನ್ನು ಸ್ಕ್ರೂ ತಿರುಗಿಸಿ ಸರಿಮಾಡಿಟ್ಟಿದ್ದೇನೆ ಎಂದು ಮಾವ ತೀರ್ಮಾನಿಸಿದರು.

ಅಣ್ಣ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಸೂರು ನೋಡುತ್ತಿದ್ದ. ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಅಮ್ಮ ನನ್ನ ಫೋನ್ ಎತ್ತುವುದನ್ನು ಬಿಟ್ಟಳು. ಮಾವ ಊರಿನ ವರ್ಕ್‌ಶಾಪ್‌ಗಳಿಗೆಲ್ಲ ಹೇಳಿಟ್ಟಿದ್ದರಿಂದ ಯಾರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ವೆಲ್ಡಿಂಗ್ ಅಂಗಡಿಯ ಪಕ್ಕದ ಈ ಕಿಷ್ಕಿಂಧೆಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಾ, ಮಾವನಿಗೆ ಹೇಳಬೇಕಾದ ಮಾತುಗಳನ್ನು ದಿನಾ ತಿದ್ದುತ್ತಿದ್ದೆ.

ಈಗ ಅದೇ ಬೈಕು ವ್ಯಾನಿನಲ್ಲಿ ಬಂದಿತ್ತು. ಎರಡು ವರ್ಷ ಮೂಲೆಯಲ್ಲಿ ಬಿದ್ದಿದ್ದನ್ನು ಹೊಸ ಸವಾರನಿಗಾಗಿ ಹೊರಗೆ ತೆಗೆದಿದ್ದರು. ಎಡಕ್ಕೆ ತಿರುಗಿದಾಗಲೆಲ್ಲ ಎಂಜಿನ್ ನಿಲ್ಲುತ್ತದಂತೆ. ಮೂವರು ಮೆಕ್ಯಾನಿಕ್‌ಗಳು ಸೇರಿ ಎರಡು ಸೆನ್ಸರ್ ಬದಲಿಸಿದ್ದರು, ಕಂಪ್ಯೂಟರನ್ನೂ ಬದಲಿಸಿದ್ದರು. ಭಾನುವಾರ ರೇಸು. ಬೇರೆ ದಾರಿಯಿದ್ದರೆ ಮಾವ ನನ್ನ ಬಾಗಿಲು ತುಳಿಯುವವರಲ್ಲ.

"ಹಳೇದನ್ನೆಲ್ಲ ಮನಸ್ಸಲ್ಲಿ ಇಟ್ಕೋಬೇಡಮ್ಮ," ಎಂದರು.

"ಇಟ್ಕೊಂಡೇ ರಿಪೇರಿ ಮಾಡ್ತೀನಿ. ಕೂತ್ಕೊಳ್ಳಿ."

ಮಾವ ಬೀಗರ ಮನೆಗೆ ಬಂದವರ ಹಾಗೆ ಸ್ಟೂಲಿನ ತುದಿಯಲ್ಲಿ ಕೂತರು. ಅಣ್ಣ ವ್ಯಾನಿನಿಂದ ಇಳಿಯಲಿಲ್ಲ. ಮಂಡಿ ಮಡಚಲಾಗದವನಿಗೆ ಮಾವ ತನ್ನ ಬಳಿಯೇ ರೇಸಿನ ಸಮಯ ಬರೆಯುವ ಕೆಲಸ ಕೊಟ್ಟಿದ್ದರು. ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಫೋನ್ ನೋಡುತ್ತಿದ್ದ.

ಸೆನ್ಸರಿಗೆ ಬರುವುದು ಮೂರು ವೈರು. ಕಂಪ್ಯೂಟರಿಗೆ ಸುದ್ದಿ ಒಯ್ಯುವ ವೈರಿಗೆ, ಅದು ಕಂಪ್ಯೂಟರ್ ಸೇರುವ ಪ್ಲಗ್ಗಿನ ಹಿಂದಿನಿಂದ, ಗುಂಡುಸೂಜಿ ತೂರಿಸಿ ಮೀಟರ್ ಹಚ್ಚಿದೆ. ಆಕ್ಸಿಲರೇಟರ್ ಬಿಟ್ಟಾಗ ಸೊನ್ನೆ ಪಾಯಿಂಟ್ ಆರು ವೋಲ್ಟ್. ನಿಧಾನಕ್ಕೆ ತಿರುವಿದರೆ ಎಲ್ಲೂ ಮುಗ್ಗರಿಸದೆ ನಾಲ್ಕರವರೆಗೆ ಏರಿತು. ಇಷ್ಟನ್ನು ತನ್ನ ಹುಡುಗರೂ ಮಾಡಿದ್ದಾರೆಂದು ಮಾವ ಗೊಣಗಿದರು.

ಎದ್ದು ಬಂದು ಹ್ಯಾಂಡಲ್ ಹಿಡಿಯಲು ಹೇಳಿದೆ. ಬಂದರು. ಎಡಕ್ಕೆ ಪೂರ್ತಿ ತಿರುಗಿಸಲು ಹೇಳಿದೆ. ತಿರುಗಿಸಿದರು. ಮೀಟರಿನ ಅಂಕಿ ಸೊನ್ನೆಗೆ ಬಿತ್ತು. ನೇರ ಮಾಡಿದರೆ ಮತ್ತೆ ಸೊನ್ನೆ ಪಾಯಿಂಟ್ ಆರು. ಐದು ಸಲ ಮಾಡಿಸಿದೆ. ದೋಷ ತಿಳಿಯಲು ಒಂದು ಸಲ ಸಾಕಿತ್ತು. ಉಳಿದ ನಾಲ್ಕು ಸಲ ನನ್ನ ಸಂತೋಷಕ್ಕೆ.

"ಅವತ್ತು ಮೀಟರ್ ಇಟ್ಟಾಗ ಹ್ಯಾಂಡಲ್ ತಿರುಗಿಸಿ ನೋಡಿದ್ರಾ, ಮಾವ?"

ನೋಡಿರಲಿಲ್ಲ. ಬೈಕನ್ನು ಸ್ಟ್ಯಾಂಡಿಗೆ ಹಾಕಿ, ಹ್ಯಾಂಡಲ್ ನೇರ ಇಟ್ಟು ಅಳೆದಿದ್ದರು. ಯಾವ ರೇಸನ್ನೂ ಯಾರೂ ಹ್ಯಾಂಡಲ್ ನೇರ ಇಟ್ಟುಕೊಂಡು ಮುಗಿಸಿಲ್ಲ.

ಪೆಟ್ರೋಲ್ ಟ್ಯಾಂಕ್ ಎತ್ತಿ ನೆಲಕ್ಕಿಟ್ಟೆ. ಸೆನ್ಸರ್ ಬದಲಿಸಲು ಪಕ್ಕದಿಂದ ಕೈ ಹಾಕಿದರೆ ಸಾಕಾಗುತ್ತಿದ್ದರಿಂದ ಆ ಮೂವರೂ ಟ್ಯಾಂಕ್ ಮುಟ್ಟಿರಲಿಲ್ಲ. ಕೆಳಗೆ, ಸೆನ್ಸರಿನ ವೈರನ್ನು ಯಾರೋ ಆಕ್ಸಿಲರೇಟರ್ ಕೇಬಲ್ಲಿಗೆ ಸೇರಿಸಿ ಬಿಗಿಯಾಗಿ ಕಟ್ಟಿದ್ದರು. ಹ್ಯಾಂಡಲ್ ಎಡಕ್ಕೆ ಹೋದಾಗ ಕೇಬಲ್ಲು ಎಳೆಯುತ್ತದೆ, ಕೇಬಲ್ಲಿನ ಜೊತೆ ವೈರೂ ಎಳೆಯುತ್ತದೆ. ಮೇಲಿನ ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಒಳಗಿನ ತಾಮ್ರ ತುಂಡಾಗಿತ್ತು; ನೇರವಿದ್ದಾಗ ತುದಿಗಳು ತಾಗುತ್ತಿದ್ದವು, ಎಳೆದಾಗ ಬಿಡುತ್ತಿದ್ದವು. ಬೆರಳಲ್ಲಿ ಹಿಡಿದರೆ ಅಲ್ಲಿ ಮಾತ್ರ ವೈರು ಬೇಯಿಸಿದ ಶಾವಿಗೆಯ ಹಾಗೆ ಮೆತ್ತಗಿತ್ತು.

"ಆ ವೈರಿಗೆ ಕೊನೇಲಿ ಕೈ ಹಾಕಿದ್ದು ನೀನೇ ಅಲ್ವಾ?" ಎಂದರು ಮಾವ. ದನಿಗೆ ಮತ್ತೆ ಜೀವ ಬಂದಿತ್ತು.

ನಾನು ಕಟ್ಟನ್ನು ನೋಡುತ್ತಿದ್ದೆ. ಶೆಡ್ಡಿನಲ್ಲಿ ನಾವೆಲ್ಲ ವೈರು ಕಟ್ಟುವುದು ಪ್ಲಾಸ್ಟಿಕ್ ಪಟ್ಟಿಯಿಂದ. ಇದು ಮೇಣ ಹಚ್ಚಿದ ನೀಲಿ ದಾರ. ರೇಸಿನ ಕೈಗವಸು ಹರಿದಾಗ ಅಣ್ಣ ಹೊಲಿದುಕೊಳ್ಳುತ್ತಿದ್ದ ದಾರ. ಮೂರು ಸುತ್ತು, ಎರಡು ಗಂಟು, ಹಲ್ಲಿನಿಂದ ಕಚ್ಚಿದ ತುದಿ. ಸೂಜಿಗೆ ಎಷ್ಟೋ ಸಲ ಅದನ್ನು ಪೋಣಿಸಿಕೊಟ್ಟವಳು ನಾನೇ.

ಓಡಿಸುವವನು ಸ್ಪ್ಯಾನರ್ ಮುಟ್ಟಕೂಡದು ಎಂಬುದು ಮಾವನ ಕಾನೂನು. ಮುಟ್ಟಿದ ಒಬ್ಬನನ್ನು ಇಡೀ ವರ್ಷ ಓಡಿಸದೆ ಕೂರಿಸಿದ್ದರು. ಅಣ್ಣ ಅವತ್ತು ಬಾಯಿ ಬಿಡದಿದ್ದುದು ನೋವಿನಿಂದ ಎಂದು ಎರಡು ವರ್ಷ ನಂಬಿದ್ದೆ. ಮಾವನ ಹೆಸರು ಬರೆದಿಟ್ಟಿದ್ದ ನನ್ನ ಸಿಟ್ಟಿಗೆ ಈಗ ಇನ್ನೊಂದು ವಿಳಾಸ ಸಿಕ್ಕಿತು.

"ಅಣ್ಣನ್ನ ಕರೀರಿ," ಎಂದೆ.

ಅಣ್ಣ ಕಾಲೆಳೆದುಕೊಂಡು ಬಂದ. ನೆಲದ ಮೇಲಿದ್ದ ಟ್ಯಾಂಕ್ ನೋಡಿ ಹೊಸ್ತಿಲಲ್ಲೇ ನಿಂತ. ನಾನು ಬೆರಳನ್ನು ದಾರದ ಮೇಲಿಟ್ಟೆ, ಅಷ್ಟೇ. ಅವನು ಮಾವನ ಕಡೆ ತಿರುಗಿ ಹೇಳತೊಡಗಿದ. ಆಕ್ಸಿಲರೇಟರ್ ಬಿಗಿಯಾಗಿದೆ ಎಂದು ಎರಡು ಸಲ ಹೇಳಿದರೂ ಮಾವ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಹಾಗಾಗಿ ರೇಸಿನ ಹಿಂದಿನ ದಿನ ತಾನೇ ಟ್ಯಾಂಕ್ ಎತ್ತಿ, ಕೇಬಲ್ ಜರುಗಿಸಿ, ಕೈಗೆ ಸಿಕ್ಕ ವೈರಿಗೆ ಕಟ್ಟಿದನಂತೆ.

"ಆಸ್ಪತ್ರೇಲಿ ಹೇಳೋಣ ಅಂತಿದ್ದೆ ಕಣೇ. ಅಷ್ಟೊತ್ತಿಗೆ ಮಾವ ನಿನ್ನ ಹೆಸರು ಹೇಳಿಬಿಟ್ಟಿದ್ರು."

"ಅದಕ್ಕೆ?"

ಅಣ್ಣ ಬಾಗಿಲಿಗೆ ಒರಗಿದ. "ಸುಲಭ ಆಯ್ತು."

ಮಾವ ನಡುವೆ ಬಾಯಿ ಹಾಕಿದರು. ಮಾಡಿದ್ದಕ್ಕೆ ಅವನು ಕಾಲನ್ನೇ ತೆತ್ತಿದ್ದಾನೆ, ಇನ್ನೇನು ಶಿಕ್ಷೆ ಬೇಕು, ಸೋಮವಾರದಿಂದ ನೀನು ಶೆಡ್ಡಿಗೆ ಬಂದುಬಿಡು ಎಂದರು. ಕಾಲು ಅವನದು, ಅವನೇ ಮುರಿದುಕೊಂಡ; ಕಳೆದುಹೋದ ಎರಡು ವರ್ಷ ನನ್ನದು ಎಂದೆ. ಶೆಡ್ಡಿಗೆ ಬರುವುದಿಲ್ಲ. ಯಾವ ಯಾವ ವರ್ಕ್‌ಶಾಪಿಗೆ ಹೋಗಿ ನನ್ನ ಹೆಸರು ಕೆಡಿಸಿದ್ದರೋ ಅಲ್ಲಿಗೆಲ್ಲ ಅವರೇ ಹೋಗಿ ತಿದ್ದಬೇಕು. ಹೋದರೋ ಇಲ್ಲವೋ ಎಂದು ನಾನು ಒಬ್ಬೊಬ್ಬರನ್ನೇ ವಿಚಾರಿಸುತ್ತೇನೆ.

ಆಮೇಲೆ ಅಣ್ಣನಿಗೆ ಹೇಳಿದೆ, "ಅಮ್ಮಂಗೆ ಫೋನ್ ಮಾಡು. ಸ್ಪೀಕರ್ ಹಾಕು. ಅಲ್ಲೀವರೆಗೂ ಈ ಗಾಡಿ ಹೊರಗೆ ಹೋಗಲ್ಲ."

ಅವನು ಮನೆಗೆ ಹೋಗಿ ಸಮಾಧಾನವಾಗಿ ಹೇಳುವೆನೆಂದ. ನಾನು ಮುರಿದ ವೈರು ಕತ್ತರಿಸುತ್ತಾ ಕಾದೆ. ಭಾನುವಾರ ಹತ್ತಿರವಿತ್ತು. ಫೋನ್ ಮಾಡೋ ಎಂದು ಕೊನೆಗೆ ಗದರಿದವರು ಮಾವನೇ.

ಗಾಡಿಯ ವೈರಿನಲ್ಲಿ ಏನೋ ತೊಂದರೆ ಸಿಕ್ಕಿದೆಯಂತೆ ಎಂದು ಅಣ್ಣ ಶುರುಮಾಡಿದ. ನಾನು ತಲೆ ಎತ್ತದೆ, "ಯಾರು ಕಟ್ಟಿದ್ದು ಅಂತ ಹೇಳು," ಎಂದೆ. ಹೇಳಿದ. ನನ್ನದೇನೂ ತಪ್ಪಿರಲಿಲ್ಲ ಎಂದೂ ಹೇಳಿಸಿದೆ. ಹೇಳುವಾಗ ಒಂದು ಕೈಯಲ್ಲಿ ಮಂಡಿ ಉಜ್ಜಿಕೊಳ್ಳುತ್ತಿದ್ದ. ಕರುಣೆ ಬರಬಹುದೆಂದು ಕಾದೆ. ಬರಲಿಲ್ಲ.

ಅಮ್ಮ ಅವನಿಂದ ಎಲ್ಲವನ್ನೂ ಮೊದಲಿನಿಂದ ಮತ್ತೆ ಹೇಳಿಸಿದಳು. ಅಷ್ಟರಲ್ಲಿ ನಾನು ಹೊಸ ವೈರು ಬೆಸೆದು, ಕೇಬಲ್ಲಿನಿಂದ ದೂರ, ಫ್ರೇಮಿನ ಮೇಲೆ ಸಡಿಲವಾಗಿ ಹಾಯಿಸಿ ಕಟ್ಟಿದ್ದೆ. ಟ್ಯಾಂಕ್ ಕೂರಿಸಿ ಪೈಪ್ ಸಿಕ್ಕಿಸುವಾಗ ಅವಳು ಅಣ್ಣನನ್ನು ಕೇಳಿದಳು.

"ಅವಳು ಅಲ್ಲೇ ಇದ್ದಾಳೇನೋ? ಫೋನ್ ಕೊಡು ಅವಳಿಗೆ."

ಅಣ್ಣ ಫೋನ್ ಚಾಚಿದ. ನಾನು ಕಿಕ್ ಹೊಡೆದೆ. ಎಂಜಿನ್ ಮೊದಲ ಏಟಿಗೇ ಹತ್ತಿಕೊಂಡಿತು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದೆ. ಎಲ್ಲೂ ತಡವರಿಸಲಿಲ್ಲ. ಫೋನಿನಲ್ಲಿ ಅಮ್ಮ ನನ್ನನ್ನು ಕರೆಯುತ್ತಿದ್ದುದು ಸದ್ದಿನ ನಡುವೆಯೂ ಸ್ವಲ್ಪ ಕೇಳುತ್ತಿತ್ತು. ಆಕ್ಸಿಲರೇಟರ್ ಇನ್ನಷ್ಟು ತಿರುವಿದೆ.