ಲೈಟ್‌ಹೌಸಿನ ಎಡಕ್ಕೆ

"ಎಡಗಡೆ ಇಷ್ಟೊಂದು ಜಾಗ ಯಾಕ್ರೀ ಖಾಲಿ ಬಿಟ್ಟಿದ್ದೀರಿ? ಯಾರೋ ಎದ್ದು ಹೋದ ಹಾಗಿದೆ," ಎನ್ನುತ್ತಾ ಕ್ಯಾಲೆಂಡರ್ ಅಚ್ಚುಹಾಕುವ ಪ್ರೆಸ್ಸಿನ ಮಾಲೀಕರು ಲೈಟ್‌ಹೌಸಿನ ಫೋಟೋವನ್ನು ಮೇಜಿನ ಮೇಲೆ ಫೋಟೋಗ್ರಾಫರನತ್ತ ಸರಿಸಿದರು. "ಇವತ್ತು ಸಂಜೆ ಇನ್ನೊಂದು ತೆಗೆದು ನೋಡಿ. ಬೆಳಿಗ್ಗೆ ಅಚ್ಚಿಗೆ ಹೋಗ್ಬೇಕು. ಸರಿಯಾಗದಿದ್ರೆ ಬೇರೆಯವರದ್ದು ಹಾಕ್ಕೋತೀನಿ."

ಅವನು ಹೂಂಗುಟ್ಟಿ ಹೊರಗೆ ಬಂದ. ಈ ಚಿತ್ರ ಒಪ್ಪಿಗೆಯಾದರೆ ಪ್ರೆಸ್ಸಿನಲ್ಲೇ ಕಾಯಂ ಕೆಲಸ ಕೊಡುವುದಾಗಿ ಮಾಲೀಕರು ಹೇಳಿದ್ದರು. ತಲೆ ಮೇಲೆ ಸೂರು, ಕೂರಲು ಕುರ್ಚಿ. ಕಡಲತೀರದ ಮರಳಿನಲ್ಲಿ ಕಾಲೆಳೆದು ಅವನಿಗೂ ಹೆಂಡತಿಗೂ ಸಾಕುಸಾಕಾಗಿತ್ತು.

ಆಯಸ್ಸೆಲ್ಲ ಅವನು ತೆಗೆದದ್ದು ಒಂದೇ ಬಗೆಯ ಫೋಟೋ. ಪ್ರವಾಸಿಗರು ಎಡಕ್ಕೆ ನಿಂತು ಅಂಗೈ ಚಾಚಬೇಕು, ದೂರದ ಲೈಟ್‌ಹೌಸ್ ಆ ಅಂಗೈ ಮೇಲೆ ಕೂತಂತೆ ಕಾಣಬೇಕು. ಒಂದು ಕಾಲಕ್ಕೆ ಜನ ಇದಕ್ಕೆ ಮುಗಿಬೀಳುತ್ತಿದ್ದರು. ಗಿರಾಕಿಗಳನ್ನು ಕೂಗಿ ಕರೆಯುವುದು, ಕೈ ಚಾಚಿ ತೋರಿಸಿ ನಿಲ್ಲಿಸುವುದು, "ಮೇಲೆ, ಇನ್ನೂ ಸ್ವಲ್ಪ ಮೇಲೆ" ಎಂದು ಗದರುವುದು ಹೆಂಡತಿಯ ಪಾಲು. ತೋರಿಸಿ ತೋರಿಸಿ ಅವಳ ಎಡಭುಜ ಹಿಡಿದುಕೊಂಡಿತ್ತು. ಈಗ ಎಲ್ಲರ ಕೈಯಲ್ಲೂ ಫೋನು, ಇವರನ್ನು ಕ್ಯಾರೇ ಅನ್ನುವವರಿಲ್ಲ. ಆದರೂ ಕ್ಯಾಮೆರಾ ಕಣ್ಣಿಗಿಟ್ಟರೆ ಸಾಕು, ಅವನ ಕೈ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಗಿರಾಕಿ ನಿಲ್ಲಲು ಜಾಗ ಬೇಕಲ್ಲ! ಹಾಳು ಅಭ್ಯಾಸ.

ಸಂಜೆ ಮೋಡ ಕವಿದಿತ್ತು. ಬಂಡೆ ಹತ್ತಿ ನೋಡಿದ, ಮಂಡಿಯೂರಿ ನೋಡಿದ. ಲೈಟ್‌ಹೌಸನ್ನು ನಡುವಿಗೆ ತಂದರೆ ನೆಟ್ಟ ಕಂಬದಂತೆ ಕಾಣುತ್ತಿತ್ತು, ಬದಿಗೆ ಸರಿಸಿದರೆ ಮತ್ತೆ ಅದೇ ಬೋಳು ಜಾಗ.

"ಆ ದೋಣಿಯ ಮೂತಿ ಸೇರಿಸ್ಕೊಳ್ರಿ, ತುಂಬಿದ ಹಾಗಿರುತ್ತೆ," ಎಂದಳು ಹೆಂಡತಿ.

"ಹಾಗಾದ್ರೆ ನೀನೇ ತೆಗಿ."

"ಕೋಪ ಬೇರೆ ಕೇಡು!" ಎಂದು ನಗುತ್ತಾ ಅವಳು ಚಪ್ಪಲಿ ಕಳಚಿ, ಭುಜ ಒತ್ತಿಕೊಳ್ಳುತ್ತಾ ಕಲ್ಲೊಂದರ ಮೇಲೆ ಕುಸಿದು ಕೂತಳು.

ಆಗಲೇ ಮೋಡ ಹರಿದು ಲೈಟ್‌ಹೌಸಿನ ಮೇಲೆ ಬಿಸಿಲು ಬಿತ್ತು. ಅವನು ಗಡಿಬಿಡಿಯಿಂದ ಕ್ಯಾಮೆರಾ ಎತ್ತಿದ. ಎಡಗಡೆಯ ಜಾಗದಲ್ಲಿ ಅವಳಿದ್ದಳು.

"ಅಡ್ಡ ಬಂದ್ನಾ? ತಾಳಿ, ಎದ್ದೆ."

"ಅಲ್ಲೇ ಇರೇ. ಇಲ್ಲಿ ನಿನ್ನದೊಂದೂ ಫೋಟೋ ಇಲ್ಲ, ಅಲ್ವಾ?"

"ಎಲ್ಲರನ್ನೂ ನಿಲ್ಲಿಸೋಳು ನಾನು. ನನ್ನ ನಿಲ್ಲಿಸೋರು ಯಾರಿದ್ರು? ಅದೆಲ್ಲ ಇರ್ಲಿ, ಬಿಸಿಲು ಹೋಗುತ್ತೆ, ಮೊದಲು ಪ್ರೆಸ್ಸಿಂದು ತೆಗೀರಿ."

"ಅದು ಆಮೇಲೆ. ನೀನು ನಿಂತ್ಕೋ."

ಅವನಿಗೆ ಇಷ್ಟು ವರ್ಷ ಇದು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅವಳು ಎದ್ದು ಕೂದಲು ಸರಿಮಾಡಿಕೊಂಡಳು. ಯಾರೂ ಹೇಳಿಕೊಡದೆ ಎಡಗೈ ಚಾಚಿ ಅಂಗೈ ಅಗಲಿಸಿದಳು.

"ಮೇಲೆ," ಎಂದ ಅವನು. "ಇನ್ನೂ ಸ್ವಲ್ಪ ಮೇಲೆ."

ನೋವಿಗೆ ಮುಖ ಕಿವಿಚಿಕೊಂಡು ಅವಳು ಕೈ ಎತ್ತಿದಳು. ಲೈಟ್‌ಹೌಸ್ ಅವಳ ಅಂಗೈ ಮೇಲೆ ಬಂದು ಕೂತಿತು. ಅವನು ಒಂದು ತೆಗೆದ, ಸಾಲದೆ ಇನ್ನೊಂದು ತೆಗೆದ. ಅಷ್ಟರಲ್ಲಿ ಪ್ರೆಸ್ಸಿನ ಚಿತ್ರಕ್ಕೆ ಬೇಕಾಗಿದ್ದ ಬಿಸಿಲು ಲೈಟ್‌ಹೌಸಿನಿಂದ ಜಾರಿಹೋಯಿತು.

"ಭಾರ ಆಗ್ತಿದೆ ಕಣ್ರೀ," ಎಂದಳು. ತೋಳು ನಡುಗುತ್ತಿತ್ತು. ಕೈ ಮಾತ್ರ ಇಳಿಸಲಿಲ್ಲ.